ಭಾವಚಿತ್ರ, ಸಾಕುನಾಯಿ, ಹಕ್ಕಿ: ಮೂರಕ್ಕೂ ಒಂದೇ ಲೆನ್ಸ್ ಕೊಳ್ಳುವುದಾದರೆ ಯಾವುದು?

ಪ್ರಶ್ನೆ: ಕಾವೇರಿತೀರ, ಮಂಡ್ಯ

ಎಲ್ಲರಿಗೂ ನಮಸ್ಕಾರ. ಮದುವೆ, ನಾಮಕರಣಗಳ ಕೆಲಸವನ್ನು ಸ್ವಲ್ಪ ಕಡಿಮೆ ಮಾಡಿಕೊಂಡು ಭಾವಚಿತ್ರ, ಸಾಕುಪ್ರಾಣಿ ಮತ್ತು ಪ್ರಕೃತಿ ಛಾಯಾಗ್ರಹಣದ ಕಡೆಗೆ ಹೊರಳಬೇಕೆಂಬುದು ನನ್ನ ಆಸೆ. ಅದಕ್ಕಾಗಿ ಇತ್ತೀಚೆಗೆ ಮೂರು ಬಗೆಯ ಶೂಟ್‌ಗಳನ್ನೂ ಮಾಡಿದ್ದೇನೆ. ನನ್ನ ಬಳಿ ಇರುವುದು ಎಪಿಎಸ್-ಸಿ ಎಂಬ ಚಿಕ್ಕ ಸೆನ್ಸರಿನ ಕ್ಯಾಮೆರಾ, ಅದರ ಜೊತೆಗೇ ಬಂದ 18-55 ಎಂಎಂ ಕಿಟ್ ಲೆನ್ಸ್, 50 ಎಂಎಂ ಎಫ್ 1.8 ಮತ್ತು 70-300 ಜೂಮ್.

ಮೊದಲನೆಯದು, ಪರಿಚಯದವರ ಮನೆಯಲ್ಲಿ ಸಹಸ್ರಚಂದ್ರ ದರ್ಶನದ ಶಾಂತಿ ಮಾಡಿಸಿಕೊಂಡ ಅಜ್ಜಿಯ ಭಾವಚಿತ್ರ. ಅವರನ್ನು ನಡುಮನೆಯ ಕಿಟಕಿಯ ಪಕ್ಕ ಕೂರಿಸಿ, ಕಿಟ್ ಲೆನ್ಸಿನಲ್ಲಿ ಹತ್ತಿರದಿಂದಲೇ ತೆಗೆದೆ. ಮೂಗುಬೊಟ್ಟು, ಕೆನ್ನೆಯ ಸುಕ್ಕು ಎಲ್ಲವೂ ಸ್ಪಷ್ಟವಾಗಿ ಬಂದಿವೆ. ಆದರೆ ಮೂಗು ದಪ್ಪವಾಗಿ ಮುಂದಕ್ಕೆ ಚಾಚಿದಂತಿದೆ, ಒಂದು ಕೆನ್ನೆ ಹಸಿರು ಛಾಯೆಗೆ ತಿರುಗಿದೆ, ಕನ್ನಡಕದ ಒಂದು ಗಾಜಿನಲ್ಲಿ ಕಿಟಕಿಯೇ ಕುಳಿತಿದೆ. ಎರಡನೆಯದು, ಬಂಧುಗಳ ಮನೆಯ ಮುಧೋಳ ನಾಯಿ ಮತ್ತು ಅದರ ಜೊತೆಗಾರ ಕಪ್ಪು ಲ್ಯಾಬ್ರಡಾರ್. ಮುಧೋಳದ ಕಣ್ಣು ಚುರುಕಾಗಿ ಬಂದರೆ ಮೂತಿ ಮಸುಕಾಗುತ್ತದೆ; ಲ್ಯಾಬ್ರಡಾರ್ ಬೂದುಬಣ್ಣಕ್ಕೆ ತಿರುಗಿದ್ದು, ಅದರ ಕಣ್ಣು ಎಲ್ಲಿದೆ ಎಂದು ಹುಡುಕಬೇಕು. ಮೂರನೆಯದು ರಂಗನತಿಟ್ಟು. ದೋಣಿಯಿಂದ 300ರಲ್ಲಿ ತೆಗೆದ ಬಣ್ಣದ ಕೊಕ್ಕರೆ, ಚಮಚಕೊಕ್ಕುಗಳು ಚೌಕಟ್ಟಿನಲ್ಲಿ ಚಿಕ್ಕದಾಗಿಯೇ ಉಳಿದಿವೆ, ಬಿಳಿ ಗರಿಗಳಲ್ಲಿ ವಿವರವಿಲ್ಲ.

ಒಂದು ಲೆನ್ಸಿಗಾಗುವಷ್ಟು ಹಣ ಕೂಡಿಟ್ಟಿದ್ದೇನೆ. 85 ಎಂಎಂ ಪ್ರೈಮ್ (ಜೂಮ್ ಇಲ್ಲದ ಲೆನ್ಸ್), 70-200 ಎಫ್ 2.8, ಅಥವಾ 150-600 ಇವುಗಳಲ್ಲಿ ಯಾವುದನ್ನು ಕೊಂಡರೆ ಮೂರೂ ಕೆಲಸಕ್ಕೆ ಒದಗೀತು? ಅನುಭವಸ್ಥರು ದಯವಿಟ್ಟು ತಿಳಿಸಿ.

ಉತ್ತರ 1: ಹಳೇ ಸ್ಟುಡಿಯೋ, ದಾವಣಗೆರೆ

ತಾವು ವಿವರಿಸಿದ ತೊಂದರೆಗಳಲ್ಲಿ ಹೊಸ ಲೆನ್ಸಿನಿಂದ ನೀಗುವಂಥದ್ದು ನನಗೆ ಒಂದೂ ಕಾಣುತ್ತಿಲ್ಲ. ಭಾವಚಿತ್ರದ ಮಟ್ಟಿಗೆ ನನಗೆ ಗೊತ್ತಿರುವುದನ್ನು ಬರೆಯುತ್ತೇನೆ, ಉಳಿದುದನ್ನು ಬಲ್ಲವರು ಹೇಳಲಿ.

ಮೂಗು ದಪ್ಪವಾಗಿ ಕಾಣುವುದು ಕಿಟ್ ಲೆನ್ಸಿನ ದೋಷವಲ್ಲ, ತಾವು ನಿಂತ ಜಾಗದ ಫಲ. ಮುಖದಿಂದ ಎರಡೇ ಅಡಿ ದೂರದಲ್ಲಿ ನಿಂತರೆ, ಮೂಗಿನ ತುದಿಗೂ ಕಿವಿಗೂ ನಡುವೆ ಇರುವ ನಾಲ್ಕೈದು ಇಂಚಿನ ಅಂತರವು ಒಟ್ಟು ದೂರದ ಐದರಲ್ಲೊಂದು ಪಾಲಾಗಿಬಿಡುತ್ತದೆ. ಹಾಗಾಗಿ ಹತ್ತಿರವಿರುವ ಮೂಗು ಹಿಗ್ಗಿ, ಕಿವಿ ಹಿಂದಕ್ಕೆ ಸರಿದಂತೆ ತೋರುತ್ತದೆ. ಏಳಡಿ ದೂರಕ್ಕೆ ಸರಿದರೆ ಅದೇ ಅಂತರ ಹದಿನೇಳರಲ್ಲೊಂದು ಪಾಲಿನಷ್ಟೇ ಆಗುವುದರಿಂದ ಮುಖ ನಾವು ದಿನವೂ ನೋಡುವಂತೆಯೇ ಕಾಣುತ್ತದೆ. ಅಷ್ಟು ಹಿಂದೆ ನಿಂತು ಮುಖವನ್ನು ಚೌಕಟ್ಟಿಗೆ ತರಲು ತಮ್ಮ 50 ಎಂಎಂ ಧಾರಾಳವಾಗಿ ಸಾಕು. ಎಪಿಎಸ್-ಸಿ ಕ್ಯಾಮೆರಾದಲ್ಲಿ ಅದರ ನೋಟ ದೊಡ್ಡ ಸೆನ್ಸರಿನ (ಫುಲ್ ಫ್ರೇಮ್) ಕ್ಯಾಮೆರಾದ 75ರಿಂದ 80 ಎಂಎಂಗೆ ಸಮನಾಗಿರುತ್ತದೆ. 85 ಎಂಎಂ ಕೊಂಡರೆ ಇನ್ನೂ ಹಿಂದಕ್ಕೆ ಸರಿಯಬೇಕಾಗುತ್ತದೆ. ನಮ್ಮ ಮನೆಗಳ ನಡುಮನೆಯಲ್ಲಿ ಅಷ್ಟು ಜಾಗ ಎಲ್ಲಿರುತ್ತದೆ? ಬೆನ್ನು ಗೋಡೆಗೆ ತಾಗುತ್ತದೆ, ಇಲ್ಲವೇ ದೇವರಮನೆಯ ಹೊಸ್ತಿಲು ದಾಟಬೇಕಾಗುತ್ತದೆ.

ಕೆನ್ನೆಯ ಹಸಿರಿಗೆ ಎರಡು ಕಾರಣಗಳಿರಬಹುದು. ಕಿಟಕಿಯ ಬೆಳಕು ಒಂದು ಕಡೆಯಿಂದಲೂ ಟ್ಯೂಬ್‌ಲೈಟಿನ ಬೆಳಕು ಇನ್ನೊಂದು ಕಡೆಯಿಂದಲೂ ಬಿದ್ದರೆ, ವೈಟ್ ಬ್ಯಾಲೆನ್ಸನ್ನು (ಬಿಳಿ ಬಿಳಿಯಾಗಿಯೇ ಕಾಣುವಂತೆ ಮಾಡುವ ಹೊಂದಾಣಿಕೆ) ಒಂದಕ್ಕೆ ಹೊಂದಿಸಿದಾಗ ಮತ್ತೊಂದು ಬಣ್ಣಗೆಡುತ್ತದೆ. ಅಥವಾ ಎದುರಿನ ಗೋಡೆಗೆ ಪಿಸ್ತಾ ಹಸಿರು ಬಳಿದಿದ್ದರೆ ಅದೇ ಮುಖಕ್ಕೆ ಮರಳಿ ಬಡಿಯುತ್ತದೆ. ದೀಪಗಳನ್ನೆಲ್ಲ ಆರಿಸಿ, ಕಿಟಕಿಯ ಎದುರುಬದಿಗೆ ಒಂದು ದೊಡ್ಡ ಥರ್ಮೋಕೋಲ್ ಹಾಳೆ ಹಿಡಿಸಿ. ಗೋಡೆಯ ಬಣ್ಣ ತಡೆದು, ನೆರಳಿನ ಕೆನ್ನೆಗೆ ಬಿಳಿ ಬೆಳಕು ಸಿಗುತ್ತದೆ. ಕನ್ನಡಕದ ವಿಷಯದಲ್ಲಿ ಸ್ಟುಡಿಯೋದವರ ಹಳೆಯ ಉಪಾಯವೊಂದಿದೆ: ಕನ್ನಡಕದ ಕಡ್ಡಿಗಳನ್ನು ಕಿವಿಯ ಮೇಲೆ ತುಸು ಎತ್ತಿ ಕೂರಿಸಿದರೆ ಗಾಜು ಕೆಳಮುಖವಾಗಿ ವಾಲುತ್ತದೆ, ಪ್ರತಿಬಿಂಬವೂ ಕ್ಯಾಮೆರಾ ಬಿಟ್ಟು ನೆಲದ ಕಡೆಗೆ ಜಾರುತ್ತದೆ. ಮುಂದಿನಿಂದ ನೋಡುವವರಿಗೆ ಅದು ಗೊತ್ತೇ ಆಗುವುದಿಲ್ಲ. ಕನ್ನಡಕ ತೆಗೆಸುವುದು ಸುಲಭ, ನಿಜ. ಆದರೆ ಅದಿಲ್ಲದ ಅಜ್ಜಿಯನ್ನು ಮೊಮ್ಮಕ್ಕಳು ಕಂಡಿರುವುದೇ ಇಲ್ಲ.

ಕೇಳದಿದ್ದರೂ ಒಂದು ಮಾತು ಸೇರಿಸುತ್ತೇನೆ. ಈಚೆಗೆ ವಯಸ್ಸಾದವರ ಚರ್ಮವನ್ನು ಸಾಫ್ಟ್‌ವೇರಿನಲ್ಲಿ ಮೇಣ ಸವರಿದಂತೆ ನಯ ಮಾಡುವ ಚಾಳಿ ಹೆಚ್ಚಾಗಿದೆ. ಎಂಬತ್ತು ದಾಟಿದ ಮುಖಕ್ಕೆ ದಯವಿಟ್ಟು ಅದನ್ನು ಮಾಡಬೇಡಿ.

ಉತ್ತರ 2: ಘಟಪ್ರಭಾ, ಬಾಗಲಕೋಟೆ

ಮುಧೋಳ ನಾಯಿಯ ಹೆಸರು ಕಂಡಮೇಲೆ ಸುಮ್ಮನಿರಲು ಆಗಲಿಲ್ಲ. ನಮ್ಮ ಕಡೆ ಬಹಳ ಮಂದಿ ಇದನ್ನು ಸಾಕುತ್ತಾರೆ. ಅದರ ಮೂತಿ ಉದ್ದ, ತಲೆ ಕಿರಿದು. ಎಪಿಎಸ್-ಸಿ ಕ್ಯಾಮೆರಾದಲ್ಲಿ 50 ಎಂಎಂ ಲೆನ್ಸನ್ನು ಎಫ್ 1.8ಕ್ಕೆ, ಅಂದರೆ ಕಿಂಡಿಯನ್ನು ಪೂರ್ತಿ ತೆರೆದು, ಒಂದೂವರೆ ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಸುಮಾರು 6 ಸೆಂಟಿಮೀಟರ್ ಮಾತ್ರ, ಅದರಲ್ಲೂ ಕಣ್ಣಿನ ಮುಂದಕ್ಕೆ ದಕ್ಕುವುದು ಅರ್ಧವಷ್ಟೆ. ಮೂಗು ಅದಕ್ಕಿಂತ ಎಷ್ಟೋ ಮುಂದಿರುತ್ತದೆ. ಕಿಂಡಿಯನ್ನು ಎಫ್ 5.6ಕ್ಕೆ ಕಿರಿದಾಗಿಸಿದರೆ ಆ ಆಳ ಸುಮಾರು 20 ಸೆಂಟಿಮೀಟರಿಗೆ ಏರುತ್ತದೆ, ಮೂಗೂ ಹೆಚ್ಚುಕಡಿಮೆ ಅದರೊಳಗೆ ಬರುತ್ತದೆ. ಇನ್ನೂ ಒಳ್ಳೆಯ ದಾರಿಯೆಂದರೆ ಪಕ್ಕದಿಂದ ತೆಗೆಯುವುದು. ಕಣ್ಣು, ಮೂಗು ಎರಡೂ ಕ್ಯಾಮೆರಾಕ್ಕೆ ಸಮದೂರದಲ್ಲಿ ಬರುತ್ತವೆ; ಜೊತೆಗೆ ಆಳವಾದ ಎದೆ, ಒಳಸೇರಿದ ಹೊಟ್ಟೆ, ಬಾಗಿದ ಬೆನ್ನು ಹೀಗೆ ಈ ತಳಿಯ ಚೆಲುವೆಲ್ಲ ಪಕ್ಕನೋಟದಲ್ಲೇ ಇದೆ.

ಲ್ಯಾಬ್ರಡಾರ್ ಆಟಿಕೆ ಕಂಡರೆ, ತಿಂಡಿಯ ಪೊಟ್ಟಣ ಸದ್ದು ಮಾಡಿದರೆ ಓಡಿಬರುತ್ತದೆ. ಮುಧೋಳ ಹಾಗಲ್ಲ. ಅದು ಕಣ್ಣಿನಿಂದ ಬೇಟೆಯಾಡುವ ನಾಯಿ, ಅಪರಿಚಿತರ ಹತ್ತಿರ ಸಲುಗೆಯೂ ಕಡಿಮೆ. ಎದುರು ಕೂತು ನೇರವಾಗಿ ದಿಟ್ಟಿಸಿದರೆ ಮುಖ ತಿರುಗಿಸುತ್ತದೆ ಅಥವಾ ಎದ್ದು ಹೋಗುತ್ತದೆ. ಮನೆಯವರಲ್ಲಿ ಒಬ್ಬರು ಹೊಲದ ಆ ತುದಿಯಲ್ಲಿ ನಿಂತು ಟವೆಲ್ ಬೀಸಲಿ. ನಾಯಿ ಕಿವಿ ಎತ್ತಿ, ಕತ್ತು ನೀಳ ಮಾಡಿ ನೋಡುವ ಆ ಗಳಿಗೆಯೇ ಚಿತ್ರ. ತಾವು ಪಕ್ಕದಲ್ಲಿ, ಅದರ ಕಣ್ಣಿನ ಎತ್ತರಕ್ಕೆ, ನೆಲದ ಮೇಲೆ ಕೂತಿದ್ದರೆ ಸಾಕು. ಓಡಲು ಬಿಟ್ಟರೆ ಶಟರ್ ವೇಗ ಸೆಕೆಂಡಿನ 1/2000ಕ್ಕಿಂತ ಕೆಳಗಿಳಿಯದಿರಲಿ. ಈ ಓಟಕ್ಕೆ ತಮ್ಮ 70-300 ಸರಿಯಾದ ಲೆನ್ಸ್.

ಕಪ್ಪು ಲ್ಯಾಬ್ರಡಾರ್ ಬೂದಾಗಲು ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರೇ ಕಾರಣ. ಚೌಕಟ್ಟು ತುಂಬ ಕಪ್ಪೇ ಕಂಡರೆ ಅದು ಬೆಳಕು ಸಾಲದೆಂದು ಭಾವಿಸಿ, ಎಲ್ಲವನ್ನೂ ನಡುಬೂದಿಗೆ ಎಳೆಯುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಮೀಟರ್ ಹೇಳಿದ ಬೆಳಕನ್ನು ಏರಿಸಿ ಇಳಿಸುವ ಹೊಂದಾಣಿಕೆ) ಮೈನಸ್ ಒಂದರ ಹತ್ತಿರಕ್ಕೆ ಇಳಿಸಿ, ರಾ ಫೈಲಿನಲ್ಲಿ (ಸೆನ್ಸರ್ ಹಿಡಿದಿದ್ದೆಲ್ಲ ಉಳಿಯುವ ಕಡತ) ತೆಗೆಯಿರಿ. ಕಣ್ಣು ಕಾಣಬೇಕಾದರೆ ಅದರಲ್ಲೊಂದು ಹೊಳಪು ಬೇಕು: ನಾಯಿಯನ್ನು ಜಗುಲಿಯ ನೆರಳಿನಲ್ಲಿ, ಮುಖ ತೆರೆದ ಅಂಗಳದ ಕಡೆಗೆ ಬರುವಂತೆ ಕೂರಿಸಿದರೆ ಆಕಾಶವೇ ಕಣ್ಣಿನಲ್ಲಿ ಮೂಡುತ್ತದೆ. ಕ್ಯಾಮೆರಾದ ಮೇಲಿನ ಫ್ಲ್ಯಾಶ್ ಹಾರಿಸಬೇಡಿ. ನಾಯಿಯ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಮರಳಿಸುವ ಪದರವಿರುವುದರಿಂದ ಕಣ್ಣು ಹಸಿರಾಗಿ ಉರಿಯುತ್ತದೆ.

ಉತ್ತರ 3: ಹೆಜ್ಜಾರ್ಲೆ, ಮೈಸೂರು

ಹಕ್ಕಿಯ ಚಿತ್ರಕ್ಕೆ ಉದ್ದದ ಲೆನ್ಸ್ ಬೇಡ ಎಂದು ನಾನು ಹೇಳಲಾರೆ. ಹೊಸ ಲೆನ್ಸಿನಿಂದ ಏನೂ ನೀಗದು ಎಂಬ ಮೊದಲ ಉತ್ತರದ ಮಾತನ್ನು ಇಲ್ಲಿ ಪೂರ್ತಿ ಒಪ್ಪುವುದಿಲ್ಲ. ಆದರೆ ತಮ್ಮ 300 ಎಂಎಂ ಎಪಿಎಸ್-ಸಿಯಲ್ಲಿ 450ರಿಂದ 480ರ ನೋಟ ಕೊಡುತ್ತದೆ, ರಂಗನತಿಟ್ಟಿನ ದೋಣಿಗೆ ಅದು ಕಡಿಮೆಯೇನಲ್ಲ. ಬಿಸಿಲೇರಿದ ಮೇಲೆ ನೀರಿನ ಮೇಲಿನ ಗಾಳಿ ನಡುಗತೊಡಗುತ್ತದೆ. ದೂರದ ನಡುಗಡ್ಡೆಯ ಹಕ್ಕಿಯನ್ನು 600ರಲ್ಲಿ ಎಳೆದು ತಂದರೆ ಆ ನಡುಕವೂ ಜೊತೆಗೆ ಹಿಗ್ಗಿ ಬರುತ್ತದೆ. ದೋಣಿ ಅಲುಗುವಾಗ ಟ್ರೈಪಾಡ್ ಕೂಡ ಕೈಕೊಡುತ್ತದೆ, ಅದರ ಕಾಲುಗಳ ಮೂಲಕ ಅಲುಗಾಟವೆಲ್ಲ ಕ್ಯಾಮೆರಾಕ್ಕೇ ಏರುತ್ತದೆ. ಕೈಯಲ್ಲೇ ಹಿಡಿದು, ಶಟರ್ ವೇಗ ಏರಿಸಿ, ಐಎಸ್‌ಒ (ಸೆನ್ಸರ್ ಬೆಳಕು ಗ್ರಹಿಸುವ ಮಟ್ಟ) ಹೆಚ್ಚಾದರೆ ಆಗಲಿ ಎಂದುಕೊಳ್ಳುವುದೇ ಲೇಸು.

ಬಿಳಿ ಗರಿಯ ವಿವರ ಹೋಗುವುದಕ್ಕೂ ಕಪ್ಪು ನಾಯಿ ಬೂದಾಗುವುದಕ್ಕೂ ಮದ್ದು ಒಂದೇ. ಚಮಚಕೊಕ್ಕು ಬೆಳ್ಳಗಿದ್ದರೂ ಅದು ಚೌಕಟ್ಟಿನಲ್ಲಿ ಚಿಕ್ಕದು, ಹಿಂದಿರುವ ಗಿಡ ಮತ್ತು ನೀರು ಕಪ್ಪು. ಮೀಟರ್ ಆ ಕಪ್ಪನ್ನೇ ನೋಡಿ ಬೆಳಕು ಏರಿಸುವುದರಿಂದ ಬಿಳಿ ಸುಟ್ಟುಹೋಗುತ್ತದೆ. ಇಲ್ಲೂ ಮೈನಸ್ಸಿಗೇ ಇಳಿಯಬೇಕು. ಅದೇ ಹಕ್ಕಿ ಬೆಳ್ಳನೆಯ ಆಕಾಶಕ್ಕೆ ಹಾರಿದರೆ ಮಾತ್ರ ಪ್ಲಸ್ಸಿಗೆ ಏರಿಸಬೇಕು.

ಹಕ್ಕಿ ಚೌಕಟ್ಟು ತುಂಬಲೇಬೇಕೆಂಬ ಹಟವನ್ನು ಸ್ವಲ್ಪ ಸಡಿಲಿಸಿ. ಸಾಲಿಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ಜೌಗುಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್ ಪಟ್ಟಿಗೆ ಸೇರಿದ ಜಾಗವದು. ಬಂಡೆಯ ಮೇಲೆ ಬಾಯ್ದೆರೆದು ಮಲಗಿದ ಮೊಸಳೆ, ಅದರ ಮೇಲಿನ ಕೊಂಬೆಯಲ್ಲಿ ಗೂಡು, ಹಿಂದೆ ಹರಿಯುವ ನೀರು ಇವೆಲ್ಲ ಒಟ್ಟಿಗೆ ಸಿಗುವುದು 70ರಿಂದ 150ರ ನಡುವೆಯೇ. ಇನ್ನು ಗೂಡಿಗೆ ಇನ್ನಷ್ಟು ಹತ್ತಿರ ಹೋಗಲು ಅಂಬಿಗರನ್ನು ಪೀಡಿಸುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬೇಟೆ ಎಂಬುದಕ್ಕೆ ಕೊಟ್ಟಿರುವ ವಿವರಣೆಯಲ್ಲಿ ಕಾಡುಹಕ್ಕಿಗಳ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದೂ ಸೇರಿದೆ. ಕ್ಯಾಮೆರಾ ಹಿಡಿದವರಿಗೆ ಅದರಲ್ಲಿ ವಿನಾಯಿತಿಯಿಲ್ಲ.

ತಮ್ಮ ಜಿಲ್ಲೆಯಲ್ಲೇ, ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿದೆ. ಅಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ, ಊರವರು ಅವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುತ್ತಾರೆ. ರಸ್ತೆಯಲ್ಲಿ ನಿಂತೇ 300ರಲ್ಲಿ ಹಕ್ಕಿ ತೆಗೆಯಬಹುದು. ಮರದ ಕೆಳಗಿನ ಜಗುಲಿಯಲ್ಲಿ ಕುಳಿತವರನ್ನು ಕೇಳಿ, ಒಪ್ಪಿದರೆ, 50ರಲ್ಲಿ ಅವರ ಭಾವಚಿತ್ರವನ್ನೂ ತೆಗೆಯಬಹುದು.

ಪ್ರಶ್ನೆ ಕೇಳಿದವರ ಮರುಮಾತು: ಕಾವೇರಿತೀರ

ಮೂವರಿಗೂ ಧನ್ಯವಾದಗಳು. ಗೋಡೆಯ ಬಣ್ಣ ಪಿಸ್ತಾ ಹಸಿರೇ! ಸದ್ಯಕ್ಕೆ ಇರುವ ಲೆನ್ಸುಗಳಲ್ಲೇ ಮೂರನ್ನೂ ಮತ್ತೆ ತೆಗೆದು ನೋಡುತ್ತೇನೆ. ಆದರೂ ಹಾರುವ ಹಕ್ಕಿಗೆ 150-600ರ ಆಸೆ ಬಿಟ್ಟಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳಬಹುದೇ?

ಉತ್ತರ 4: ಹಳೇ ಸ್ಟುಡಿಯೋ, ದಾವಣಗೆರೆ

ಕೊಳ್ಳಬಹುದು, ಆದರೆ ಮೊದಲು ಬೆಂಗಳೂರಿನಿಂದ ಒಂದೆರಡು ದಿನಕ್ಕೆ ಬಾಡಿಗೆಗೆ ತಂದು ನೋಡಿ. ಆ ಲೆನ್ಸಿನ ತೂಕ ಸುಮಾರು ಎರಡು ಕೆಜಿ. ಕೈ ಒಪ್ಪುತ್ತದೆಯೇ ಎಂಬುದು ಅರ್ಧ ದಿನದಲ್ಲೇ ತಿಳಿಯುತ್ತದೆ. ಹಳೆಯದನ್ನು ಕೊಳ್ಳುವಾಗ ಕತ್ತಲ ಕೋಣೆಯಲ್ಲಿ ಹಿಂದಿನ ಗಾಜಿನ ಕಡೆಯಿಂದ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಿ. ಜೇಡರ ಬಲೆಯಂತಹ ಎಳೆಗಳು ಕಂಡರೆ ಅದು ಫಂಗಸ್. ಮಲೆನಾಡು, ಕರಾವಳಿಯ ಮಳೆಗಾಲ ಕಂಡ ಲೆನ್ಸುಗಳಲ್ಲಿ ಇದು ಸಾಮಾನ್ಯ, ಬೆಲೆ ಎಷ್ಟೇ ಇಳಿಸಿದರೂ ಅದನ್ನು ತರಬೇಡಿ. ಜೂಮ್ ರಿಂಗನ್ನು ಪೂರ್ತಿ ತಿರುಗಿಸಿ ಎಲ್ಲಾದರೂ ಹಿಡಿಯುತ್ತದೆಯೇ ನೋಡಿ, 600ರಲ್ಲಿ ದೂರದ ಫಲಕದ ಅಕ್ಷರವೊಂದನ್ನು ತೆಗೆದು ನಾಲ್ಕೂ ಮೂಲೆ ಪರೀಕ್ಷಿಸಿ. ಬಿಲ್ ಇಲ್ಲದಿದ್ದರೆ ಸೀರಿಯಲ್ ನಂಬರ್ ಬರೆಸಿಕೊಂಡು, ಮಾರಿದವರ ಸಹಿ ಪಡೆದು ತನ್ನಿ.