ಅಪ್‌ಗ್ರೇಡ್ ಮುಂಚೆ ರೂಟ್ ಫುಲ್, ಡಿಎಫ್ ಒಂದ್ ಲೆಕ್ಕ ಡಿಯು ಇನ್ನೊಂದ್ ಲೆಕ್ಕ (ಪ್ರಾಕ್ಸ್‌ಮಾಕ್ಸ್)

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ಪ್ರಾಕ್ಸ್‌ಮಾಕ್ಸ್ (ಒಂದೇ ಸರ್ವರಲ್ಲಿ ಹಲವು ವರ್ಚುವಲ್ ಮಷೀನ್ ಅಂದ್ರೆ ವಿಎಂ ಓಡಿಸೋ ಸಾಫ್ಟ್‌ವೇರ್) 8ರಿಂದ 9ಕ್ಕೆ ಹೋಗೋಣ ಅಂತ ಕೂತೆ, ರೂಟಲ್ಲಿ (ಸಿಸ್ಟಮ್ ಇರೋ ಮುಖ್ಯ ಪಾರ್ಟಿಷನ್ನು) ಕನಿಷ್ಠ 5 ಜಿಬಿ ಖಾಲಿ ಇರ್ಬೇಕು, 10ರ ಮೇಲಿದ್ರೆ ಒಳ್ಳೇದು ಅಂತ ಗೈಡಲ್ಲಿದೆ, ನನ್ ಹತ್ರ 1 ಜಿಬಿನೂ ಇಲ್ಲ. 94 ಜಿಬಿ ಪಾರ್ಟಿಷನ್ನು, ಡಿಎಫ್ (ಪಾರ್ಟಿಷನ್ ಎಷ್ಟ್ ತುಂಬಿದೆ ಅಂತ ಹೇಳೋ ಕಮಾಂಡು) ಕೇಳಿದ್ರೆ 89 ತುಂಬಿದೆ ಅನ್ನತ್ತೆ, ಡಿಯುಗೆ (ಫೈಲ್‌ಗಳ ಸೈಜ್ ಕೂಡಿ ಹೇಳೋ ಕಮಾಂಡು) ಬೇರೆ ಡಿಸ್ಕ್ ಬಿಟ್ಬಿಡೋ ಎಕ್ಸ್ ಆಪ್ಷನ್ ಹಾಕಿ ರೂಟ್ ಪೂರ್ತಿ ಅಳೆದ್ರೆ ಬರೋದು ಬರೀ 15. ಉಳಿದಿದ್ದೆಲ್ಲ ಎಲ್ಲೋಯ್ತು? ಬೇಡದ ಎರಡು ವಿಎಂ ಡಿಲೀಟ್ ಮಾಡ್ದೆ, ಆದ್ರೂ ರೂಟಲ್ಲಿ ಒಂದ್ ಎಂಬಿ ಬಿಡ್ಲಿಲ್ಲ. ನಾಳೆ ರಾತ್ರಿ ಅಪ್‌ಗ್ರೇಡ್ ಮಾಡ್ತೀನಿ ಅಂತ ಆಫೀಸಲ್ಲಿ ಹೇಳ್ಬಿಟ್ಟಿದೀನಿ, ದಯವಿಟ್ಟು ಯಾರಾದ್ರೂ ದಾರಿ ತೋರ್ಸಿ.

ಉತ್ತರ 1:
ಸರ್, ವಿಎಂ ಡಿಲೀಟ್ ಮಾಡೋದು ಮೊದ್ಲು ನಿಲ್ಸಿ. ಡೀಫಾಲ್ಟ್ ಇನ್‌ಸ್ಟಾಲ್ ಆಗಿದ್ರೆ ವಿಎಂ ಡಿಸ್ಕೆಲ್ಲ ಇರೋದು ಲೋಕಲ್-ಎಲ್‌ವಿಎಂ ಅನ್ನೋ ಥಿನ್ ಪೂಲಲ್ಲಿ (ಬೇಕಾದಷ್ಟೇ ಜಾಗ ಹಂಚೋ ಸ್ಟೋರೇಜು), ರೂಟ್ ಬೇರೆನೇ ವಾಲ್ಯೂಮ್, ಅಲ್ಲಿ ಎಷ್ಟ್ ಅಳ್ಸಿದ್ರೂ ಇಲ್ಲಿಗೆ ಬರಲ್ಲ. ರೂಟ್ ತಿನ್ನೋದು ಲೋಕಲ್ ಸ್ಟೋರೇಜು, ಅಂದ್ರೆ ವಾರ್-ಲಿಬ್-ವಿಜೆಡ್ ಫೋಲ್ಡರ್, ಐಎಸ್ಒ, ಟೆಂಪ್ಲೇಟು, ಡಂಪ್ ಒಳಗಿನ ಹಳೇ ಬ್ಯಾಕಪ್ಪು ಎಲ್ಲ ಅಲ್ಲೇ ಬೀಳತ್ತೆ. ಡೌನ್‌ಲೋಡ್ ಆಗಿ ಉಳಿದಿರೋ ಪ್ಯಾಕೇಜ್ ಫೈಲ್ ಅಳ್ಸೋಕೆ ಆಪ್ಟ್ ಕ್ಲೀನ್ ಕೊಡಿ, ಜರ್ನಲ್ ಲಾಗ್‌ನ 200 ಎಂಬಿಗೆ ಇಳ್ಸಿ, ಹಳೇ ಕರ್ನಲ್‌ಗಳಿಗೆ (ಲಿನಕ್ಸ್‌ನ ತಿರುಳು) ಆಪ್ಟ್ ಆಟೋರಿಮೂವ್. ಬೂಟ್ ಫೋಲ್ಡರ್‌ಗೆ ಹೋಗಿ ಕೈಯಾರೆ ಕರ್ನಲ್ ಫೈಲ್ ಅಳಿಸ್ಬೇಡಿ ಮಾತ್ರ, ಆಮೇಲೆ ಸರ್ವರ್ ಮೇಲೇಳದೇ ಇರ್ಬಹುದು.

ಪ್ರಶ್ನೆ ಕೇಳಿದವರು:
ಎಲ್ಲ ಮಾಡ್ದೆ ಸರ್, 2 ಜಿಬಿ ಸಿಕ್ತು ಅಷ್ಟೇ. ಡಂಪ್ ಫೋಲ್ಡರ್ ಖಾಲಿ ಇದೆ. ಬ್ಯಾಕಪ್ಪೆಲ್ಲ ಹೋಗೋದು ಒಂದು ಯುಎಸ್‌ಬಿ ಡಿಸ್ಕ್‌ಗೆ.

ಉತ್ತರ 2:
ಯುಎಸ್‌ಬಿ ಡಿಸ್ಕ್ ಅಂದ್ರಲ್ಲ, ನನಗೆ ಅನುಮಾನ ಅಲ್ಲೇ. ಡಿಎಫ್‌ಗೂ ಡಿಯುಗೂ ಇಷ್ಟ್ ವ್ಯತ್ಯಾಸ ಬರ್ತಿದ್ರೆ ಸಾಮಾನ್ಯವಾಗಿ ಎರಡೇ ಕಾರಣ. ಒಂದು, ಅಳ್ಸಿದ ಫೈಲ್‌ನ ಯಾವ್ದೋ ಪ್ರೊಸೆಸ್ ಇನ್ನೂ ಓಪನ್ ಮಾಡಿಟ್ಕೊಂಡಿರತ್ತೆ, ಎಲ್‌ಎಸ್‌ಒಎಫ್‌ಗೆ (ಓಪನ್ ಇರೋ ಫೈಲ್ ತೋರ್ಸೋ ಕಮಾಂಡು) ಪ್ಲಸ್ ಎಲ್ 1 ಹಾಕಿದ್ರೆ ಕಾಣತ್ತೆ. ಇನ್ನೊಂದು, ಯಾವತ್ತೋ ಒಂದಿನ ಡಿಸ್ಕ್ ಮೌಂಟ್ ಆಗ್ದೇ (ತನ್ನ ಫೋಲ್ಡರ್‌ಗೆ ಜೋಡಣೆ ಆಗ್ದೇ) ಇದ್ದಾಗ ಬ್ಯಾಕಪ್ ಜಾಬ್ ಓಡಿದೆ, ಆ ಫೋಲ್ಡರ್ ಹೆಂಗೂ ಇತ್ತಲ್ಲ, ಅದರೊಳಗೇ ಅಂದ್ರೆ ರೂಟ್ ಮೇಲೇ ಬರ್ಕೊಂಡ್ ಹೋಗಿದೆ, ಆಮೇಲೆ ಡಿಸ್ಕ್ ಮೌಂಟ್ ಆದ್ಮೇಲೆ ಆ ಫೈಲೆಲ್ಲ ಅದರ ಅಡಿಗೆ ಸೇರ್ಕೊಂಡಿವೆ, ಡಿಯು ಕಣ್ಣಿಗೆ ಬೀಳಲ್ಲ. ರೂಟನ್ನೇ ಒಂದು ಖಾಲಿ ಫೋಲ್ಡರ್‌ಗೆ ಬೈಂಡ್ ಮೌಂಟ್ ಮಾಡಿ (ಅಂದ್ರೆ ಅದನ್ನ ಆ ಫೋಲ್ಡರಲ್ಲೂ ಕಾಣೋ ಹಾಗೆ ಮಾಡಿ), ಅದರೊಳಗೆ ಡಿಯು ಓಡ್ಸಿ, ಬೈಂಡ್‌ನಲ್ಲಿ ಬೇರೆ ಡಿಸ್ಕ್‌ಗಳು ಬರಲ್ಲ, ಅಡಿಯಲ್ಲಿರೋದು ಕಾಣತ್ತೆ.

ಪ್ರಶ್ನೆ ಕೇಳಿದವರು:
ಸರ್ ಸಿಕ್ತು!! ಅಡಿಯಲ್ಲಿ 74 ಜಿಬಿ ಬ್ಯಾಕಪ್ ಕೂತಿತ್ತು, ಎಲ್ಲ ಹೋದ್ ತಿಂಗಳ ಒಂದೇ ವಾರದ್ದು, ಆ ವಾರ ಕೇಬಲ್ ಬಿಚ್ಚಿ ಬೇರೆ ಪೋರ್ಟ್‌ಗೆ ಹಾಕಿದ್ದು ಈಗ ನೆನಪಾಯ್ತು. ಹೊಸ ಬ್ಯಾಕಪ್ ಡಿಸ್ಕಲ್ಲಿ ಸರಿಯಾಗಿದೆ ಅಂತ ಒಂದು ವಿಎಂ ರಿಸ್ಟೋರ್ ಮಾಡಿ ನೋಡಿ ಆಮೇಲೆ ಇವನ್ನ ಅಳ್ಸಿದೆ. ತುಂಬಾ ತುಂಬಾ ಥ್ಯಾಂಕ್ಸ್.

ಉತ್ತರ 2:
ಒಳ್ಳೇದಾಯ್ತು. ಬೈಂಡ್ ಮೌಂಟ್ ತೆಗಿಯೋದು ಮರೀಬೇಡಿ. ಆ ಸ್ಟೋರೇಜ್‌ಗೆ ಪಿವಿಇಎಸ್‌ಎಂ ಸೆಟ್ ಕಮಾಂಡಲ್ಲಿ (ಪ್ರಾಕ್ಸ್‌ಮಾಕ್ಸ್ ಸ್ಟೋರೇಜ್ ಸೆಟ್ಟಿಂಗ್ ಬದಲಿಸೋದು) ಈಸ್-ಮೌಂಟ್‌ಪಾಯಿಂಟ್ ಯೆಸ್ ಮಾಡ್ಬಿಡಿ, ಡಿಸ್ಕ್ ಇಲ್ದಿದ್ರೆ ಸ್ಟೋರೇಜೇ ಆಫ್‌ಲೈನ್ ಅಂತ ತೋರ್ಸತ್ತೆ, ಬ್ಯಾಕಪ್ ಫೇಲ್ ಆಗಿ ನಿಮಗೆ ಗೊತ್ತಾಗತ್ತೆ.

ಉತ್ತರ 3:
ಒಂದ್ ಮಾತು ಸೇರಿಸ್ತೀನಿ, ಥಿನ್ ಪೂಲ್ ಕೂಡ ನೋಡ್ಕೊಳಿ. ಎಲ್‌ವಿಎಸ್ ಕಮಾಂಡ್ ಕೊಟ್ರೆ ಪೂಲಲ್ಲಿ ಡೇಟಾ ಎಷ್ಟ್ ಪರ್ಸೆಂಟು, ಅದರ ಲೆಕ್ಕ ಇಡೋ ಮೆಟಾಡೇಟಾ ಎಷ್ಟ್ ಪರ್ಸೆಂಟು ತುಂಬಿದೆ ಅಂತ ಎರಡೂ ಬರತ್ತೆ, ಅಪ್‌ಗ್ರೇಡ್ ಮುಂಚೆ ಸೇಫ್ಟಿಗೆ ಅಂತ ಎಲ್ಲ ವಿಎಂಗೂ ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ನಕಲು) ತಗೊಂಡು ಹಾಗೇ ಬಿಟ್ರೆ ಪೂಲ್ ತುಂಬಿ ವಿಎಂಗಳು ಐಒ ಎರರ್ (ಡಿಸ್ಕ್ ಓದೋ-ಬರೆಯೋ ತಪ್ಪು) ಬಂದು ನಿಂತ್ಕೋಬಹುದು. ಆಮೇಲೆ ಅಪ್‌ಗ್ರೇಡ್‌ಗೆ ಸರ್ವರ್ ರೆಡಿ ಇದೆಯಾ ಅಂತ ನೋಡೋ ಪಿವಿಇ8ಟು9 ಚೆಕ್ ಸ್ಕ್ರಿಪ್ಟ್‌ನ ಫುಲ್ ಆಪ್ಷನ್ ಹಾಕಿ ಇವತ್ತೇ ಒಂದ್ಸಲ ಓಡ್ಸಿ, ವಾರ್ನಿಂಗ್ ಬಂದ್ರೆ ಇಲ್ಲೇ ಹಾಕಿ, ನೋಡೋಣ.