ಸೋತವರು ಅಧಿಕಾರ ಬಿಡದಿದ್ದರೆ ಬಿಡಿಸುವವರು ಯಾರು?

ಪ್ರಶ್ನೆ: ಅಧ್ಯಾಪಕ, ಕುಂಬಳೆ

ನಾನು ಕುಂಬಳೆ ಸಮೀಪದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ಶಾಲಾ ಪಾರ್ಲಿಮೆಂಟಿನ ಚುನಾವಣೆ ಮುಗಿದ ವಾರ ಹತ್ತನೆಯ ತರಗತಿಯಲ್ಲಿ ಪ್ರಜಾಪ್ರಭುತ್ವದ ಪಾಠ ನಡೆಯುತ್ತಿತ್ತು. ಅಮೆರಿಕದ ಸಂಸತ್ ಭವನಕ್ಕೆ 2021ರ ಜನವರಿ 6ರಂದು ಜನ ನುಗ್ಗಿದ ದೃಶ್ಯವನ್ನು ಮೊಬೈಲಿನಲ್ಲಿ ನೋಡಿದ್ದ ವಿದ್ಯಾರ್ಥಿನಿಯೊಬ್ಬಳು, ಸೋತವರು ತಾವು ಸೋತೇ ಇಲ್ಲವೆಂದು ಹಠ ಹಿಡಿದು ಕುಳಿತರೆ ಅವರನ್ನು ಎಬ್ಬಿಸುವುದು ಪೊಲೀಸರೋ ಕೋರ್ಟೋ ಎಂದು ಕೇಳಿದಳು. ಸಂವಿಧಾನವಿದೆ, ನ್ಯಾಯಾಲಯವಿದೆ ಎಂಬ ಉತ್ತರದಿಂದ ಅವಳಿಗೂ ತೃಪ್ತಿಯಾಗಲಿಲ್ಲ, ನನಗೂ ಆಗಲಿಲ್ಲ.

ಇದಕ್ಕಿಂತ ದೊಡ್ಡ ತೊಡಕು ನಮ್ಮ ಅಂಗಳದಲ್ಲೇ ಇದೆ. 2016ರ ವಿಧಾನಸಭಾ ಚುನಾವಣೆಯಲ್ಲಿ ಮಂಜೇಶ್ವರದಿಂದ ಪಿ.ಬಿ. ಅಬ್ದುಲ್ ರಝಾಕ್ ಅವರು ಕೆ. ಸುರೇಂದ್ರನ್ ಅವರೆದುರು ಗೆದ್ದದ್ದು ಬರೇ 89 ಮತಗಳಿಂದ. ಈ ಸಂಖ್ಯೆ ನಮ್ಮ ಕಡೆಯ ಮಕ್ಕಳಿಗೂ ಬಾಯಿಪಾಠ. ಸೋತವರು ಆ ಫಲಿತಾಂಶವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಅದೂ ಸೋಲನ್ನು ಒಪ್ಪದಿರುವುದೇ ಅಲ್ಲವೇ ಎಂದು ತರಗತಿಯಲ್ಲಿ ಯಾರಾದರೂ ಕೇಳಿದರೆ, ಪಕ್ಷದ ವಾಸನೆ ಬಾರದಂತೆ ಹೇಗೆ ಉತ್ತರಿಸಬೇಕೆಂದು ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ: ವಕೀಲ, ಕಾಸರಗೋಡು

ಮಾಸ್ಟ್ರೇ, ಸೋತವರು ಸೋಲೊಪ್ಪಿಕೊಂಡು ಹೇಳಿಕೆ ಕೊಡಬೇಕೆಂದು ನಮ್ಮ ಕಾನೂನಿನಲ್ಲಿ ಎಲ್ಲಿಯೂ ಇಲ್ಲ, ಅಮೆರಿಕದ ಕಾನೂನಿನಲ್ಲಿಯೂ ಇಲ್ಲ. ಅದು ಸೌಜನ್ಯ ಮಾತ್ರ. ನಮ್ಮಲ್ಲಿ ಚುನಾವಣಾಧಿಕಾರಿಗಳು ಫಲಿತಾಂಶ ಘೋಷಿಸಿ, 1951ರ ಜನಪ್ರಾತಿನಿಧ್ಯ ಕಾಯ್ದೆಯ 73ನೇ ಕಲಮಿನಂತೆ ಗೆದ್ದವರ ಹೆಸರುಗಳ ಅಧಿಸೂಚನೆ ಹೊರಟಿತೆಂದರೆ ಹೊಸ ಸಭೆ ರಚನೆಯಾಯಿತೆಂದೇ ಲೆಕ್ಕ. ಸೋತ ಮುಖ್ಯಮಂತ್ರಿ ಅಭಿನಂದನೆ ಹೇಳಿದರೋ ಇಲ್ಲವೋ ಎಂಬುದನ್ನು ಆ ಕಾಗದ ಕೇಳುವುದಿಲ್ಲ. ರಾಜೀನಾಮೆ ಕೊಡದೆ ಕುಳಿತವರನ್ನು ತೆಗೆಯುವ ಅಧಿಕಾರ 164ನೇ ವಿಧಿಯಂತೆ ರಾಜ್ಯಪಾಲರಿಗಿದೆ. ಬಹುಮತ ಯಾರಿಗಿದೆ ಎಂಬ ವಿವಾದವೆದ್ದರೆ ಅದು ರಾಜಭವನದ ಕೋಣೆಯಲ್ಲಲ್ಲ, ಸದನದಲ್ಲೇ ತೀರ್ಮಾನವಾಗಬೇಕೆಂದು ನಮ್ಮವರೇ ಆದ ಎಸ್.ಆರ್. ಬೊಮ್ಮಾಯಿಯವರ ಪ್ರಕರಣದಲ್ಲಿ 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಹಾಗಾಗಿ ನಿಮ್ಮ ವಿದ್ಯಾರ್ಥಿನಿಗೆ ಹೀಗೆ ಹೇಳಬಹುದು: ಎಬ್ಬಿಸಲು ಪೊಲೀಸರು ಬರುವ ತನಕ ಕಾಯಬೇಕಾಗಿಲ್ಲ, ಆ ಕುರ್ಚಿಯಿಂದ ಹೊರಟ ಆದೇಶವನ್ನು ಮುಖ್ಯ ಕಾರ್ಯದರ್ಶಿಯಿಂದ ಹಿಡಿದು ವಿಲ್ಲೇಜ್ ಆಫೀಸಿನ ತನಕ ಯಾರೂ ಪಾಲಿಸದಿದ್ದರೆ ಅಲ್ಲಿಗೆ ಅಧಿಕಾರ ಮುಗಿಯಿತು. ಅಪಾಯ ಇರುವುದೂ ಅಲ್ಲೇ, ಪಾಲಿಸುವವರು ಸಿಕ್ಕಿದಾಗ.

ಇನ್ನು ಮಂಜೇಶ್ವರದ ವಿಷಯ. ಸಂವಿಧಾನದ 329ನೇ ವಿಧಿ ಚುನಾವಣೆಯನ್ನು ಪ್ರಶ್ನಿಸಲು ಒಂದೇ ಒಂದು ಬಾಗಿಲು ತೆರೆದಿಟ್ಟಿದೆ, ಅದು ಚುನಾವಣಾ ಅರ್ಜಿ. ಫಲಿತಾಂಶ ಬಂದು 45 ದಿನಗಳೊಳಗೆ ಹೈಕೋರ್ಟಿಗೆ ಕೊಡಬೇಕು, ಆರೋಪವನ್ನು ಬಿಡಿಬಿಡಿಯಾಗಿ ಬರೆಯಬೇಕು, ಸಾಕ್ಷ್ಯ ಒದಗಿಸಬೇಕು, ಎದುರು ಪಕ್ಷದ ಪಾಟೀಸವಾಲಿಗೆ ನಿಲ್ಲಬೇಕು. 2016ರಲ್ಲಿ ನಡೆದದ್ದು ಅದು. ಅರ್ಜಿ ಕೋರ್ಟಿನಲ್ಲಿದ್ದಾಗಲೇ ಗೆದ್ದವರು ಪ್ರಮಾಣವಚನ ಸ್ವೀಕರಿಸಿದರು, ಶಾಸಕರಾಗಿ ಕೆಲಸ ಮಾಡಿದರು. ಆದ್ದರಿಂದ ಅದನ್ನು ಅಧಿಕಾರ ಬಿಟ್ಟುಕೊಡದ ಉದಾಹರಣೆಯಾಗಿ ಹೇಳುವುದು ಸರಿಯಲ್ಲ. ಅದು ಕಾನೂನು ಕೊಟ್ಟ ಹಕ್ಕಿನ ಬಳಕೆ.

ಆದರೆ ಆ ಪ್ರಕರಣದಲ್ಲಿ ನನ್ನನ್ನು ಕಾಡುವುದು ಬೇರೆಯೇ ಸಂಗತಿ. ಇಂಥ ಅರ್ಜಿಯನ್ನು ಆರು ತಿಂಗಳೊಳಗೆ ಮುಗಿಸಲು ಪ್ರಯತ್ನಿಸಬೇಕೆಂದು ಕಾಯ್ದೆಯ 86ನೇ ಕಲಮು ಹೇಳುತ್ತದೆ. ಇಲ್ಲಿ ಎರಡು ವರ್ಷ ದಾಟಿತು, 2018ರ ಅಕ್ಟೋಬರಿನಲ್ಲಿ ಶಾಸಕರೇ ತೀರಿಕೊಂಡರು, ಅರ್ಜಿ ಬಾಕಿಯೇ ಇತ್ತು. 2019ರಲ್ಲಿ ಅರ್ಜಿದಾರರು ಅದನ್ನು ಹಿಂತೆಗೆದುಕೊಂಡ ಮೇಲೆ ಆ ವರ್ಷದ ಅಕ್ಟೋಬರಿನಲ್ಲಿ ಉಪಚುನಾವಣೆ ನಡೆಯಿತು. ಸುಮಾರು ಒಂದು ವರ್ಷ ಕ್ಷೇತ್ರಕ್ಕೆ ಶಾಸಕರಿರಲಿಲ್ಲ, 89 ಮತಗಳ ಗೆಲುವು ಸರಿಯೋ ತಪ್ಪೋ ಎಂಬ ತೀರ್ಪು ಕೊನೆಗೂ ಬರಲಿಲ್ಲ. ಗೆದ್ದವರ ಕಡೆಯವರಿಗೂ ಸೋತವರ ಕಡೆಯವರಿಗೂ ತಮ್ಮ ತಮ್ಮ ನಂಬಿಕೆಯೇ ಉಳಿಯಿತು. ಬೀದಿಯಲ್ಲಿ ಕೂಗುವವರಿಗೆ ಕೋರ್ಟಿಗೆ ಹೋಗಿ ಎನ್ನುವ ನಾವು, ಕೋರ್ಟಿನಲ್ಲಿ ವೇಳೆಗೆ ಸರಿಯಾಗಿ ಉತ್ತರ ಸಿಗುವಂತೆ ಮಾಡದಿದ್ದರೆ ಆ ಮಾತಿಗೆ ತೂಕವೆಲ್ಲಿ?

ಉತ್ತರ: ನಿವೃತ್ತ ಉದ್ಯೋಗಿ, ಬದಿಯಡ್ಕ

ವಕೀಲರು ಮೇಲಿನಿಂದ ಹೇಳಿದರು, ನಾನು ಬೂತಿನಿಂದ ಹೇಳುತ್ತೇನೆ. ಪ್ರಿಸೈಡಿಂಗ್ ಆಫೀಸರ್ ಆಗಿ ದುಡಿದವರಿಗೆ ಗೊತ್ತಿರುವಂತೆ, ಸಾಲಿನಲ್ಲಿ ನಿಂತ ಕೊನೆಯ ಮತದಾರ ಹೋದ ಮೇಲೆ ಮತಯಂತ್ರದ ಕಂಟ್ರೋಲ್ ಯೂನಿಟ್ಟಿನ ಕ್ಲೋಸ್ ಗುಂಡಿ ಒತ್ತಬೇಕು. ಆ ಬಳಿಕ ಯಂತ್ರ ಇನ್ನೊಂದು ಮತ ತೆಗೆದುಕೊಳ್ಳುವುದಿಲ್ಲ. ಪರದೆಯಲ್ಲಿ ಕಾಣುವ ಒಟ್ಟು ಸಂಖ್ಯೆಯನ್ನು 17ಸಿ ನಮೂನೆಯಲ್ಲಿ ಬರೆದು, ಮತದಾರರು ಸಹಿ ಹಾಕಿದ ರಿಜಿಸ್ಟರಿನೊಂದಿಗೆ ತಾಳೆ ನೋಡಿ, ಎಲ್ಲ ಪಕ್ಷಗಳ ಪೋಲಿಂಗ್ ಏಜೆಂಟರಿಗೆ ಅದರ ಪ್ರತಿ ಕೊಡಬೇಕು. ಬೆಳಗ್ಗಿನಿಂದ ಒಂದೇ ಬೆಂಚಿನಲ್ಲಿ ಕುಳಿತು ಪರಸ್ಪರ ತಕರಾರು ಎತ್ತಿದವರು ಸಂಜೆ ಒಂದೇ ಹಾಳೆಗೆ ಸಹಿ ಹಾಕುತ್ತಾರೆ. ಎಣಿಕೆಯ ದಿನ ಯಂತ್ರ ಮೇಜಿಗೆ ಬಂದಾಗ ಕೌಂಟಿಂಗ್ ಏಜೆಂಟರು ಸೀಲಿನ ನಂಬರನ್ನೂ ಒಟ್ಟು ಮತವನ್ನೂ ತಮ್ಮ ಕೈಯ ಪ್ರತಿಯೊಂದಿಗೆ ಹೋಲಿಸಿ ನೋಡಬಹುದು. ಚುನಾವಣೆಯೇ ಕಳವಾಯಿತು ಎಂದು ದೊಡ್ಡ ಮಾತಾಡುವವರನ್ನು, ಯಾವ ಬೂತಿನ 17ಸಿಯಲ್ಲಿ ಎಷ್ಟು ವ್ಯತ್ಯಾಸ ಬಂತು ಹೇಳಿ ಎಂದು ಕೇಳಿದರೆ ಹೆಚ್ಚಿನ ಸಂದರ್ಭಗಳಲ್ಲಿ ಮಾತು ಅಲ್ಲಿಗೇ ನಿಲ್ಲುತ್ತದೆ.

ಅಮೆರಿಕದಲ್ಲಿ 2020ರಲ್ಲಿ ಗಂಡಾಂತರ ತಪ್ಪಿಸಿದವರಲ್ಲಿ ಇಂಥ ನಡುವಣ ಹುದ್ದೆಯವರು ಅನೇಕರು. ಜಾರ್ಜಿಯ ರಾಜ್ಯದಲ್ಲಿ ಬೈಡನ್ ಅವರ ಮುನ್ನಡೆ 11,779 ಮತಗಳದ್ದು. ಕೈಯಿಂದ ಎಣಿಸಿದ್ದೂ ಸೇರಿ ಮೂರು ಸಲ ಎಣಿಸಿದರೂ ಗೆದ್ದವರು ಬದಲಾಗಲಿಲ್ಲ. 2021ರ ಜನವರಿ 2ರಂದು ಅಧ್ಯಕ್ಷ ಟ್ರಂಪ್ ಅವರೇ ಅಲ್ಲಿನ ಚುನಾವಣಾ ಮುಖ್ಯಸ್ಥ ಬ್ರಾಡ್ ರಾಫೆನ್ಸ್‌ಪರ್ಗರ್ ಅವರಿಗೆ ಫೋನ್ ಮಾಡಿ 11,780 ಮತ ಹುಡುಕಿಕೊಡುವಂತೆ ಕೇಳಿದರು. ಅವರು ಅದೇ ಪಕ್ಷದವರು, ಆದರೂ ಒಪ್ಪಲಿಲ್ಲ. ಮಿಷಿಗನ್ ರಾಜ್ಯದಲ್ಲಿ ಫಲಿತಾಂಶ ದೃಢೀಕರಿಸುವ ಮಂಡಳಿಯಲ್ಲಿದ್ದವರು ನಾಲ್ವರು, ಇಬ್ಬರು ಈ ಪಕ್ಷ, ಇಬ್ಬರು ಆ ಪಕ್ಷ. ಸೋತ ಪಕ್ಷದ ಆರನ್ ವಾನ್ ಲಾಂಗೆವೆಲ್ಡ್ ಎಂಬವರು, ಕಾನೂನು ನಮಗೆ ಕೊಟ್ಟದ್ದು ದೃಢೀಕರಿಸುವ ಕೆಲಸ ಮಾತ್ರ ಎಂಬ ನಿಲುವಿನಿಂದ ಪರವಾಗಿ ಮತ ಹಾಕಿದ್ದರಿಂದ ಅದು ಸಾಂಗವಾಗಿ ನಡೆಯಿತು. ಅವರ ಪಕ್ಷ ಅವರನ್ನು ಆ ಮಂಡಳಿಗೆ ಮತ್ತೆ ಸೂಚಿಸಲಿಲ್ಲ. ಮುಂದಿನ ಸಲ ಆ ಜಾಗದಲ್ಲಿ ಕೂರುವವರು ಯಾರು ಎಂಬುದೇ ನನ್ನ ಭಯ. ಗುಂಪು ಗೋಡೆ ಹತ್ತಿದ್ದನ್ನು ಟಿವಿಯವರು ತೋರಿಸುತ್ತಾರೆ, ಇದನ್ನು ತೋರಿಸುವುದಿಲ್ಲ.

ಉತ್ತರ: ಓದುಗ, ಪೈವಳಿಕೆ

ಮೇಲಿನ ಇಬ್ಬರ ಮಾತನ್ನೂ ಗೌರವಿಸುತ್ತಲೇ ಒಂದು ಆಕ್ಷೇಪ. ಸೋತವರು ನಗುನಗುತ್ತಾ ಒಪ್ಪಿಕೊಳ್ಳಬೇಕು ಎಂದು ಮಕ್ಕಳಿಗೆ ಕಲಿಸಿದರೆ ನಾಳೆ ನಿಜವಾದ ಮೋಸ ನಡೆದಾಗಲೂ ಅವರು ಸುಮ್ಮನಿರುತ್ತಾರೆ. ಆಫ್ರಿಕದ ಮಲಾವಿಯಲ್ಲಿ 2019ರಲ್ಲಿ ಆಳುತ್ತಿದ್ದ ಅಧ್ಯಕ್ಷ ಮುಥರಿಕಾ ಗೆದ್ದರೆಂದು ಘೋಷಣೆಯಾದಾಗ ಸೋತವರು ಒಪ್ಪಲಿಲ್ಲ. ಫಲಿತಾಂಶದ ಹಾಳೆಗಳಲ್ಲಿ ಅಂಕಿಗಳ ಮೇಲೆ ವೈಟ್ನರ್ ಬಳಿದು ತಿದ್ದಿದ್ದು ಕೋರ್ಟಿನಲ್ಲಿ ಸಾಬೀತಾಗಿ, 2020ರ ಫೆಬ್ರವರಿಯಲ್ಲಿ ಚುನಾವಣೆಯೇ ರದ್ದಾಯಿತು. ಜೂನಿನಲ್ಲಿ ಮರುಚುನಾವಣೆ ನಡೆದು, ಒಪ್ಪದೆ ನಿಂತ ಚಕ್ವೇರಾ ಅವರೇ ಅಧ್ಯಕ್ಷರಾದರು. ಕೆನ್ಯಾದ ಸುಪ್ರೀಂ ಕೋರ್ಟ್ ಕೂಡ 2017ರ ಸೆಪ್ಟೆಂಬರ್ 1ರಂದು ಅಧ್ಯಕ್ಷೀಯ ಚುನಾವಣೆಯನ್ನು ಅನೂರ್ಜಿತಗೊಳಿಸಿತು. ಸಂಶಯ ಪಟ್ಟವರನ್ನೆಲ್ಲ ದ್ರೋಹಿಗಳೆನ್ನುವ ಚಾಳಿ ಅಧಿಕಾರದಲ್ಲಿರುವವರಿಗೆ ಬಹಳ ಅನುಕೂಲ.

ಉತ್ತರ: ವಕೀಲ, ಕಾಸರಗೋಡು

ಪೈವಳಿಕೆಯವರ ಮಾತು ನ್ಯಾಯವಾದದ್ದು. ಆದರೆ ಮಲಾವಿಯಲ್ಲಿ ತಕರಾರು ತೆಗೆದವರ ಕೈಯಲ್ಲಿ ಅಧಿಕಾರವಿರಲಿಲ್ಲ, ಸಾಕ್ಷ್ಯವಿತ್ತು. ಅಧಿಕಾರದಲ್ಲಿದ್ದುಕೊಂಡೇ ಸೋತವರ ಕಥೆ ಬೇರೆ, ಏಕೆಂದರೆ ಆಡಳಿತ, ಪೊಲೀಸು, ಕೆಲವೊಮ್ಮೆ ಸೈನ್ಯವೂ ಆ ಹೊತ್ತಿಗೆ ಅವರ ಮಾತು ಕೇಳುತ್ತಿರುತ್ತವೆ. ತಕರಾರು ಪ್ರಾಮಾಣಿಕವೋ ಅಲ್ಲವೋ ಎಂದು ಅಳೆಯಲು ಬ್ರೆಜಿಲಿನ ಪ್ರಸಂಗ ಸಹಾಯಕ್ಕೆ ಬರುತ್ತದೆ. 2022ರಲ್ಲಿ ಅಧ್ಯಕ್ಷ ಬೊಲ್ಸೊನಾರೊ ಎರಡನೇ ಸುತ್ತಿನಲ್ಲಿ ಲೂಲಾ ಅವರೆದುರು ಶೇ. 49.1ಕ್ಕೆ 50.9ರಂತೆ ಸೋತಾಗ, ಅವರ ಪಕ್ಷ ಹಳೆಯ ಮಾದರಿಯ ಮತಯಂತ್ರಗಳ ಮತಗಳನ್ನು ರದ್ದುಪಡಿಸಲು ಕೇಳಿತು, ಅದೂ ಎರಡನೇ ಸುತ್ತಿನದ್ದು ಮಾತ್ರ. ಅದೇ ಯಂತ್ರಗಳು ಮೊದಲ ಸುತ್ತಿನಲ್ಲಿ ಅದೇ ಪಕ್ಷದ ಸಂಸದರನ್ನು ಗೆಲ್ಲಿಸಿದ್ದವು. ಹಾಗಾದರೆ ಆ ಸುತ್ತನ್ನೂ ಸೇರಿಸಿ ಅರ್ಜಿ ಕೊಡಿ ಎಂದು ಚುನಾವಣಾ ನ್ಯಾಯಾಲಯದ ಮುಖ್ಯಸ್ಥರು ಕೇಳಿದಾಗ ಪಕ್ಷ ಸೇರಿಸಲಿಲ್ಲ, ಅರ್ಜಿ ವಜಾ ಆಗಿ ಭಾರೀ ದಂಡವೂ ಬಿತ್ತು. ಬೆಂಬಲಿಗರು ಮಾತ್ರ ಸೈನ್ಯದ ಶಿಬಿರಗಳ ಮುಂದೆ ಡೇರೆ ಹಾಕಿ ಕುಳಿತು, 2023ರ ಜನವರಿ 8ರಂದು ಸಂಸತ್ತಿಗೂ ಸುಪ್ರೀಂ ಕೋರ್ಟಿಗೂ ನುಗ್ಗಿದರು.

ನಮ್ಮ ದೇಶವೂ ಈ ಹೊಸ್ತಿಲಿಗೆ ಬಂದು ನಿಂತದ್ದುಂಟು. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟ್ ಪ್ರಧಾನಿ ಇಂದಿರಾ ಗಾಂಧಿಯವರ ಆಯ್ಕೆಯನ್ನು ಅಸಿಂಧುಗೊಳಿಸಿತು. ಎರಡು ವಾರ ತುಂಬುವುದರೊಳಗೆ ತುರ್ತುಪರಿಸ್ಥಿತಿ ಬಂತು. ಪ್ರಧಾನಿಯ ಚುನಾವಣೆಯನ್ನು ಕೋರ್ಟುಗಳ ಕೈಗೆ ಸಿಗದಂತೆ ಮಾಡಲು ಸಂವಿಧಾನಕ್ಕೇ 39ನೇ ತಿದ್ದುಪಡಿ ತಂದರು. ಸುಪ್ರೀಂ ಕೋರ್ಟ್ ನವೆಂಬರಿನಲ್ಲಿ ಆ ಭಾಗವನ್ನು ಹೊಡೆದುಹಾಕಿತಾದರೂ, ಹಿಂದಿನ ದಿನಾಂಕದಿಂದ ಬದಲಾಯಿಸಿದ ಚುನಾವಣಾ ಕಾನೂನಿನ ಆಧಾರದಲ್ಲಿ ಆಯ್ಕೆ ಊರ್ಜಿತವಾಯಿತು. ಇಷ್ಟೆಲ್ಲ ಮಾಡಿದ ಅದೇ ನಾಯಕಿ 1977ರ ಮಾರ್ಚಿನಲ್ಲಿ ಮತದಾರರು ಸೋಲಿಸಿದಾಗ ತುರ್ತುಪರಿಸ್ಥಿತಿಯನ್ನು ಹಿಂತೆಗೆದು, 22ರಂದು ರಾಜೀನಾಮೆ ಕೊಟ್ಟು ಹೊರನಡೆದರು. ಆಗ ಹಂಗಾಮಿ ರಾಷ್ಟ್ರಪತಿಯಾಗಿ ಅಧಿಕಾರ ಹಸ್ತಾಂತರ ನಡೆಸಿಕೊಟ್ಟವರು ಜಮಖಂಡಿ ಕಡೆಯ ಬಿ.ಡಿ. ಜತ್ತಿಯವರು. ತೀರ್ಪಿಗೆ ಬಗ್ಗದವರು ಮತಕ್ಕೆ ಬಗ್ಗಿದ್ದೇಕೆ ಎಂಬ ಪ್ರಶ್ನೆಯನ್ನು ನಿಮ್ಮ ಮಕ್ಕಳ ಮುಂದಿಡಿ, ಒಂದು ಪೀರಿಯಡ್ ಸಾಲದು.

ಉತ್ತರ: ಉಪ್ಪಳದವ, ಸದ್ಯ ಶಾರ್ಜಾ

ಪೊಲೀಸರೋ ಕೋರ್ಟೋ ಎಂದು ಕೇಳಿದ ಹುಡುಗಿಗೆ ಗ್ಯಾಂಬಿಯಾದ ಕಥೆ ಹೇಳಿ ಮಾಸ್ಟ್ರೇ. ಅಲ್ಲಿ ಮತ ಹಾಕುವುದೆಂದರೆ ಅಭ್ಯರ್ಥಿಯ ಬಣ್ಣದ ಡ್ರಮ್ಮಿಗೆ ಗೋಲಿಯೊಂದನ್ನು ಹಾಕುವುದು. ಒಳಗೆ ಗಂಟೆ ಬಾರಿಸುವುದರಿಂದ ಒಬ್ಬರು ಎರಡು ಗೋಲಿ ಹಾಕಿದರೆ ಹೊರಗಿದ್ದವರಿಗೆ ಕೇಳುತ್ತದೆ. 22 ವರ್ಷ ಆಳಿದ್ದ ಜಮ್ಮೆ 2016ರ ಡಿಸೆಂಬರಿನಲ್ಲಿ ಸೋತು, ಮೊದಲು ಟಿವಿಯಲ್ಲಿ ಸೋಲೊಪ್ಪಿಕೊಂಡು, ವಾರದ ಬಳಿಕ ಮಾತು ಬದಲಾಯಿಸಿದರು. ಗೆದ್ದ ಅದಾಮಾ ಬಾರೋ 2017ರ ಜನವರಿ 19ರಂದು ಪಕ್ಕದ ಸೆನೆಗಲ್ ದೇಶದಲ್ಲಿರುವ ತಮ್ಮ ರಾಯಭಾರ ಕಚೇರಿಯಲ್ಲಿ ಪ್ರಮಾಣವಚನ ಸ್ವೀಕರಿಸಬೇಕಾಯಿತು. ನೆರೆ ದೇಶಗಳ ಸೈನ್ಯ ಗಡಿ ದಾಟಿದ ಮೇಲಷ್ಟೇ ಜಮ್ಮೆ ವಿಮಾನ ಹತ್ತಿದರು. ಐವರಿ ಕೋಸ್ಟ್ ಅಷ್ಟು ಅದೃಷ್ಟದ್ದಾಗಿರಲಿಲ್ಲ. 2010ರಲ್ಲಿ ಸೋತ ಅಧ್ಯಕ್ಷ ಗ್ಬಾಗ್ಬೊ ಕದಲದೆ ಕುಳಿತದ್ದರಿಂದ ಸುಮಾರು 3,000 ಜನ ಸತ್ತರು.

ಮಂಜೇಶ್ವರದ ಅರ್ಜಿಯ ಬಗ್ಗೆ ಒಂದು ಮಾತು. ವಿದೇಶದಲ್ಲಿದ್ದವರ ಹೆಸರಿನಲ್ಲಿ ಮತ ಬಿದ್ದಿದೆ ಎಂಬ ಆರೋಪ ಅದರಲ್ಲಿ ಇದ್ದುದರಿಂದ ಗಲ್ಫಿನಲ್ಲಿರುವ ನಮ್ಮಲ್ಲಿ ಕೆಲವರಿಗೆ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ, ಆ ದಿನ ಯಾರು ಊರಿನಲ್ಲಿದ್ದರು, ಯಾರಿರಲಿಲ್ಲ ಎಂಬುದಕ್ಕೆ ಪಾಸ್‌ಪೋರ್ಟಿನ ಮುದ್ರೆಯೇ ಸಾಕ್ಷಿ. ನಿಜವೋ ಸುಳ್ಳೋ ಎಂದು ಪರೀಕ್ಷಿಸಲು ಬರುವ ಆರೋಪ ಅದು. ಹಾಗಿದ್ದೂ ಪರೀಕ್ಷೆ ಪೂರ್ತಿಯಾಗಲಿಲ್ಲವಲ್ಲ, ವಕೀಲರು ಹೇಳಿದ ಹಾಗೆ.

ಪ್ರಶ್ನೆ ಕೇಳಿದವರು: ಅಧ್ಯಾಪಕ, ಕುಂಬಳೆ

ಎಲ್ಲರಿಗೂ ಕೃತಜ್ಞತೆಗಳು. ಬೂತಿನ ಲೆಕ್ಕವನ್ನು ಮಕ್ಕಳಿಗೆ ಕೈಯಲ್ಲಿ ಹಿಡಿದು ನೋಡುವಂತೆ ತೋರಿಸಲು ಸಾಧ್ಯವೇ? 17ಸಿಯ ಪ್ರತಿ ಏಜೆಂಟರ ಬಳಿ ಮಾತ್ರ ಇರುತ್ತದೆಯಷ್ಟೆ.

ಉತ್ತರ: ನಿವೃತ್ತ ಉದ್ಯೋಗಿ, ಬದಿಯಡ್ಕ

17ಸಿ ಬೇಡ ಮಾಸ್ಟ್ರೇ, 20ನೇ ನಮೂನೆ ತೆಗೆಯಿರಿ. ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಮತ ಎಂಬ ಪಟ್ಟಿ ಅದು. ರಾಜ್ಯದ ಮುಖ್ಯ ಚುನಾವಣಾಧಿಕಾರಿಯವರ ವೆಬ್‌ಸೈಟಿನಲ್ಲಿ ಕ್ಷೇತ್ರವಾರು ಸಿಗುತ್ತದೆ. ಮಂಜೇಶ್ವರದ 2021ರ ಹಾಳೆಯನ್ನು ಪ್ರಿಂಟ್ ತೆಗೆದು ಮಕ್ಕಳಿಗೆ ಹಂಚಿ, ಎ.ಕೆ.ಎಂ. ಅಶ್ರಫ್ ಅವರ 745 ಮತಗಳ ಅಂತರ ಬರುತ್ತದೋ ನೋಡಿ ಎಂದು ಕೂಡಿಸಲು ಹೇಳಿ. ಅಂಚೆ ಮತಗಳ ಸಾಲು ಕೊನೆಯಲ್ಲಿ ಪ್ರತ್ಯೇಕವಾಗಿರುತ್ತದೆ, ಅದನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ.