ತಮ್ಮಂಗೆ ಬಾಂಬೆ ಹೈನಲ್ಲಿ ಕೆಲ್ಸ ಸಿಕ್ಕಿದೆ, ಕಳಿಸ್ಬಹುದಾ?

ತೀರ್ಥಳ್ಳಿ ಅಕ್ಕ:
ಎಲ್ರಿಗೂ ನಮಸ್ಕಾರ. ನಮ್ದು ತೀರ್ಥಹಳ್ಳಿ ಹತ್ರ ಒಂದು ಹಳ್ಳಿ, ಇರೋ ಒಂದೂವರೆ ಎಕ್ರೆ ತೋಟಕ್ಕೆ ಎಲೆಚುಕ್ಕೆ ರೋಗ ಬಂದು ಅಡಿಕೆ ಅರ್ಧಕ್ಕರ್ಧ ಹೋಗಿದೆ. ತಮ್ಮ ಶಿವಮೊಗ್ಗದಲ್ಲಿ ಡಿಪ್ಲೊಮಾ ಮುಗ್ಸಿ ಎರಡು ವರ್ಷ ಭದ್ರಾವತಿಲಿ ವರ್ಕ್‌ಶಾಪಲ್ಲಿ ಇದ್ದ, ಈಗ ಒಂದು ಕಂಟ್ರಾಕ್ಟ್ ಕಂಪ್ನಿ ಕಡೆಯಿಂದ ಬಾಂಬೆ ಹೈನಲ್ಲಿ, ಅಂದ್ರೆ ಸಮುದ್ರದ ಮಧ್ಯ ಎಣ್ಣೆ ತೆಗೆಯೋ ಜಾಗದಲ್ಲಿ, ಫಿಟ್ಟರ್ ಕೆಲ್ಸ ಅಂತ ಆಫರ್ ಬಂದಿದೆ, ಸಂಬ್ಳ ಇಲ್ಲಿಗಿಂತ ಮೂರು ಪಟ್ಟು. ಅಮ್ಮ ಯಾರದ್ದೋ ಮೊಬೈಲಲ್ಲಿ ಸಮುದ್ರದ ಮಧ್ಯ ಪ್ಲಾಟ್‌ಫಾರ್ಮ್ ಧಗಧಗ ಉರಿಯೋ ವಿಡಿಯೋ ನೋಡ್ಬಿಟ್ಟು ಅವತ್ತಿಂದ ಸರಿಯಾಗಿ ಊಟ ಮಾಡ್ತಿಲ್ಲ. ಅಲ್ಲಿ ನಿಜಕ್ಕೂ ಎಂತ ನಡೀತದೆ, ಎಷ್ಟು ಡೇಂಜರ್, ಯಾರಾದ್ರೂ ಹೋಗಿ ಬಂದೋರು ಇದ್ರೆ ಹೇಳಿ. ತಮ್ಮನ್ನ ಕೇಳಿದ್ರೆ "ಏನೂ ಆಗಲ್ಲ ಬಿಡೆ" ಅಂತಾನೆ ಅಷ್ಟೆ.

ಚೊಗರು:
ಡೇಂಜರ್ ಎಲ್ಲಿಲ್ಲ ಮಾರಾಯ್ತಿ. ಆಷಾಢದ ಮಳೇಲಿ ಜಾರೋ ಅಡಿಕೆ ಮರ ಹತ್ತಿ ಕೊಳೆ ರೋಗಕ್ಕೆ ಔಷಧಿ ಹೊಡೆಯೋರಿಗೆ ಇನ್ಶೂರೆನ್ಸ್ ಇದ್ಯಾ? ಅಲ್ಲಾದ್ರೆ ಹೆಲ್ಮೆಟ್ ಆದ್ರೂ ಕೊಡ್ತಾರೆ. ಕಳ್ಸಿ ಆರಾಮಾಗಿ.

ರಿಟೈರ್ಡ್ ಮೇಷ್ಟ್ರು:
ಮೊದ್ಲು ಜಾಗದ ಬಗ್ಗೆ ಹೇಳ್ತೀನಮ್ಮ, ನಾನು ಜಿಯಾಲಜಿ ಪಾಠ ಮಾಡ್ದೋನು, ಸಮುದ್ರಕ್ಕೆ ಹೋದೋನಲ್ಲ. ಬಾಂಬೆ ಹೈ ಇರೋದು ಮುಂಬೈಯಿಂದ ಪಶ್ಚಿಮಕ್ಕೆ ಸುಮಾರು 160 ಕಿಲೋಮೀಟರ್ ದೂರ. ಅರವತ್ತರ ದಶಕದಲ್ಲಿ ರಷ್ಯಾದೋರ ಜೊತೆ ಸೇರಿ ಹಡಗಿಂದ ಶಬ್ದದ ಅಲೆ ಬಿಟ್ಟು ಸರ್ವೆ ಮಾಡಿದ್ರು, 1974ರಲ್ಲಿ ಸಾಗರ್ ಸಾಮ್ರಾಟ್ ಅನ್ನೋ ರಿಗ್ ಕೊರೆದಾಗ ಎಣ್ಣೆ ಸಿಕ್ತು, 1976ರಿಂದ ಉತ್ಪಾದನೆ. ಎಣ್ಣೆ ಅಂದ್ರೆ ಕೆಳಗೆ ಕೆರೆ ತರ ತುಂಬ್ಕೊಂಡಿರ್ತದೆ ಅಂತ ಅಂದ್ಕೋಬೇಡಿ, ಸುಣ್ಣಕಲ್ಲಿನ ಸಣ್ಣ ಸಣ್ಣ ತೂತಲ್ಲಿ ಇರ್ತದೆ, ಜಂಬಿಟ್ಟಿಗೆ ಕಲ್ಲು ಮಳೆಗಾಲದಲ್ಲಿ ನೀರು ಹಿಡ್ಕೊಂಡಿರ್ತದಲ್ಲ ಆ ತರ. ತೆಗೀತಾ ಹೋದ ಹಾಗೆ ಒಳಗಿನ ಒತ್ತಡ ಇಳೀತದೆ, ಅದಕ್ಕೇ ಸಮುದ್ರದ ನೀರನ್ನೇ ಶುದ್ಧ ಮಾಡಿ ವಾಪಸ್ ಕೆಳಗೆ ಪಂಪ್ ಮಾಡ್ತಾರೆ.

ಒಂದು ಸಮಾಧಾನದ ವಿಷ್ಯ. ಅಲ್ಲಿ ನೀರಿನ ಆಳ ಬರೀ 75 ಮೀಟರ್ ಆಸುಪಾಸು, ನಮ್ಮ ಜೋಗದ ಎತ್ತರದ ಮೂರನೇ ಒಂದು ಪಾಲೂ ಇಲ್ಲ. 2010ರಲ್ಲಿ ಅಮೆರಿಕದ ಹತ್ರ ಡೀಪ್‌ವಾಟರ್ ಹೊರೈಜನ್ ಅನ್ನೋ ರಿಗ್ ಸ್ಫೋಟ ಆಗಿ 11 ಜನ ಸತ್ತು, ಬಾವಿಯಿಂದ 87 ದಿನ ಎಣ್ಣೆ ಉಕ್ಕಿದ್ದು ನೆನಪಿರಬಹುದು, ಅಲ್ಲಿ ಆಳ ಸುಮಾರು 1500 ಮೀಟರ್, ಅಂದ್ರೆ ಆರು ಜೋಗ ಒಂದರ ಮೇಲೊಂದು ಇಟ್ಟ ಹಾಗೆ. ಬಾಂಬೆ ಹೈನಲ್ಲಿ ಅಷ್ಟು ಕಷ್ಟ ಇಲ್ಲ.

ಸಾಗರದೋನು:
ಮೇಷ್ಟ್ರೆ ಕ್ಷಮ್ಸಿ, ಆಳ ಕಮ್ಮಿ ಅಂತ ಸಮಾಧಾನ ಮಾಡ್ಕೊಳೋ ಹಾಗಿಲ್ಲ. ನಾನು ಸಾಗರದೋನು, ಒಂಬತ್ತು ವರ್ಷ ಆಫ್‌ಶೋರ್‌ನಲ್ಲಿ ಇದ್ದೆ, ಮೊದಲ ಮೂರು ವರ್ಷ ಕಂಟ್ರಾಕ್ಟಲ್ಲೇ. ಅಕ್ಕ, ಎಲ್ರೂ ಹೆದ್ರೋದು ಬಾವಿ ಸ್ಫೋಟಕ್ಕೆ. ಅದೂ ಆಗಿದೆ, 1982ರಲ್ಲಿ ಸಾಗರ್ ವಿಕಾಸ್ ರಿಗ್‌ನಲ್ಲಿ ಬ್ಲೋಔಟ್ ಆಗಿತ್ತು. ಆದ್ರೆ ನಮ್ಮಲ್ಲಿ ಜಾಸ್ತಿ ಜನ ಸತ್ತಿರೋದು ಮಳೆ, ಗಾಳಿ, ಬೋಟು ಇವುಗಳಿಂದ.

2005 ಜುಲೈ 27. ಹಿಂದಿನ ದಿನ ಮುಂಬೈಲಿ 944 ಮಿಲಿಮೀಟರ್ ಮಳೆ, ನಮ್ಮ ಆಗುಂಬೆಯೋರೂ ಬಾಯಿ ಮೇಲೆ ಕೈ ಇಟ್ಕೊಬೇಕು. ಬಾಂಬೆ ಹೈನಲ್ಲಿ ಒಂದು ಸಪೋರ್ಟ್ ಹಡಗಲ್ಲಿ ಅಡಿಗೆಯವನ ಬೆರಳು ಕಟ್ ಆಯ್ತು. ಹೆಲಿಕಾಪ್ಟರ್ ಹಾರ್ತಿರಲಿಲ್ಲ, ಅದಕ್ಕೆ ಕ್ರೇನಲ್ಲಿ ಬಾಸ್ಕೆಟ್ ಇಳ್ಸಿ ಅವನನ್ನ ಪ್ಲಾಟ್‌ಫಾರ್ಮ್‌ಗೆ ಎತ್ಕೊಂಡ್ರು, ಆ ಹೊತ್ತಲ್ಲಿ ಅಲೆಗೆ ಹಡಗು ತಿರುಗಿ ಹೋಗಿ ರೈಸರ್‌ಗೆ ಗುದ್ದಿತು. ರೈಸರ್ ಅಂದ್ರೆ ಸಮುದ್ರದ ತಳದಿಂದ ಮೇಲೆ ಬರೋ ಗ್ಯಾಸ್, ಎಣ್ಣೆ ಪೈಪು, ಪ್ಲಾಟ್‌ಫಾರ್ಮಿನ ಕಾಲಿನ ಪಕ್ಕದಲ್ಲೇ ನಿಂತಿರ್ತದೆ. ಗ್ಯಾಸ್ ಲೀಕ್ ಆಗಿ ಬೆಂಕಿ, ಎರಡು ಗಂಟೆ ಒಳಗೆ ಇಡೀ ಪ್ಲಾಟ್‌ಫಾರ್ಮ್ ಕುಸಿದು ಸಮುದ್ರ ಸೇರ್ತು. ಒಟ್ಟು 384 ಜನ ಇದ್ರು, 22 ಜನ ತೀರ್ಕೊಂಡ್ರು. ಅಮ್ಮ ನೋಡಿದ ವಿಡಿಯೋ ಅದೇ ಇರ್ಬೇಕು. ನೋಡಿ, ಶುರುವಾಗಿದ್ದು ಒಂದು ಬೆರಳಿಂದ.

ಇನ್ನೊಂದು 2021ರದ್ದು, ತಮ್ಮಂಗೆ ಇದೇ ಮುಖ್ಯ. ಕಂಟ್ರಾಕ್ಟ್ ಹುಡುಗ್ರನ್ನ ಸಾಮಾನ್ಯವಾಗಿ ಪ್ಲಾಟ್‌ಫಾರ್ಮಲ್ಲಿ ಮಲಗಿಸಲ್ಲ, ಪಕ್ಕದಲ್ಲಿ ಲಂಗರು ಹಾಕಿರೋ ಬಾರ್ಜಲ್ಲಿ ಮಲಗಿಸ್ತಾರೆ. ಬಾರ್ಜ್ ಅಂದ್ರೆ ಸ್ವಂತ ಇಂಜಿನ್ ಇಲ್ಲದ ತೇಲೋ ಹಾಸ್ಟೆಲ್ ಅಂದ್ಕೊಳಿ, ಎಳ್ಕೊಂಡು ಹೋಗೋಕೆ ಟಗ್ ಬೋಟ್ ಬೇಕು. ತೌಕ್ತೆ ಚಂಡಮಾರುತ ಬರ್ತದೆ ಅಂತ ಹವಾಮಾನದೋರು ದಿನಗಳ ಮುಂಚೆನೇ ಹೇಳಿದ್ರು, ಆದ್ರೂ ಪಿ-305 ಬಾರ್ಜ್ 261 ಜನರನ್ನ ಇಟ್ಕೊಂಡು ಸಮುದ್ರದಲ್ಲೇ ಉಳೀತು, ಲಂಗರು ಕಿತ್ಕೊಂಡು ತೇಲಿ ಹೋಗಿ ಒಂದು ಪ್ಲಾಟ್‌ಫಾರ್ಮ್‌ಗೆ ಬಡಿದು ಮೇ 17ಕ್ಕೆ ಮುಳುಗ್ತು. ಎಪ್ಪತ್ತಕ್ಕೂ ಜಾಸ್ತಿ ಜನ ತೀರ್ಕೊಂಡ್ರು. ಅಲ್ಲಿ ಎಣ್ಣೆನೂ ಇಲ್ಲ ಬೆಂಕಿನೂ ಇಲ್ಲ, "ಕೆಲ್ಸ ನಿಲ್ಸಿ ದಡಕ್ಕೆ ಹೋಗಿ" ಅಂತ ಯಾರು ಯಾವಾಗ ಹೇಳ್ಬೇಕಿತ್ತು ಅನ್ನೋದೊಂದೇ ಪ್ರಶ್ನೆ.

ನನ್ನ ಟ್ರೈನಿಂಗ್ ಕಥೆ ಹೇಳ್ತೀನಿ, ಹೆಲಿಕಾಪ್ಟರ್ ನೀರಿಗೆ ಬಿದ್ರೆ ಹೊರಗೆ ಬರೋದು ಹೇಗೆ ಅಂತ ಕಲಿಸೋದು. ಹೆಲಿಕಾಪ್ಟರ್ ತರ ಒಂದು ಡಬ್ಬದಲ್ಲಿ ಬೆಲ್ಟ್ ಹಾಕಿ ಕೂರ್ಸಿ ಈಜುಕೊಳದಲ್ಲಿ ಮುಳುಗ್ಸಿ ತಲೆಕೆಳಗು ಮಾಡ್ತಾರೆ. ನಾನು ವರದಾ ಹೊಳೇಲಿ ಈಜಿ ಬೆಳೆದೋನು, ನಂಗೆಂತ ಅಂತ ಮೊದ್ಲೇ ಬೆಲ್ಟ್ ಬಿಚ್ದೆ, ಮೇಲೆ ಯಾವ್ದು ಕೆಳಗೆ ಯಾವ್ದು ಗೊತ್ತಾಗದೆ ಮೂಗಲ್ಲೆಲ್ಲ ನೀರು ಹೋಗಿ ಸೀಟಿನ ಅಡಿಗೆ ಸಿಕ್ಕಾಕ್ಕೊಂಡೆ. ಡೈವರ್ ಕಾಲರ್ ಹಿಡ್ದು ಎಳೆದ. ಒಂದು ಕೈ ಕಿಟಕಿ ಮೇಲೆ ಇರ್ಬೇಕು, ಡಬ್ಬ ಪೂರ್ತಿ ತಿರುಗಿ ನಿಂತ ಮೇಲೇ ಬೆಲ್ಟ್ ಬಿಚ್ಬೇಕು. ಎರಡನೇ ಸಲ ಪಾಸ್ ಆದೆ.

ಪಿ.ಜಿ. ಹುಡ್ಗ:
ಕಾಲೇಜಲ್ಲಿ ಪೈಪರ್ ಆಲ್ಫಾ ಅನ್ನೋ ಎಣ್ಣೆ ಪ್ಲಾಟ್‌ಫಾರ್ಮಿನ ದುರಂತ ಓದಿದ್ವಿ, 1988, ಬ್ರಿಟನ್ನಿನ ನಾರ್ತ್ ಸೀ, 167 ಜನ ಸಾವು. ಒಂದು ಪಂಪಿನ ಸೇಫ್ಟಿ ವಾಲ್ವ್ ರಿಪೇರಿಗೆ ಬಿಚ್ಚಿದ್ರು, ಆ ವಿಷ್ಯ ಇದ್ದ ಪರ್ಮಿಟ್ ಕಾಗದ ನೈಟ್ ಶಿಫ್ಟಿನೋರ ಕಣ್ಣಿಗೆ ಬೀಳ್ಲಿಲ್ಲ, ಇನ್ನೊಂದು ಪಂಪ್ ಕೈ ಕೊಡ್ತು ಅಂತ ಇದನ್ನ ಆನ್ ಮಾಡಿದ್ರು, ಲೀಕ್ ಆಗಿ ಸ್ಫೋಟ ಆಯ್ತು. ಬೆಂಕಿ ಕಣ್ಣಿಗೆ ಕಾಣ್ತಿದ್ರೂ ಪಕ್ಕದ ಪ್ಲಾಟ್‌ಫಾರ್ಮ್‌ನೋರು ಪೈಪಲ್ಲಿ ಎಣ್ಣೆ, ಗ್ಯಾಸ್ ಕಳಿಸೋದನ್ನ ತಕ್ಷಣ ನಿಲ್ಲಿಸ್ಲಿಲ್ಲ. ಸಾಗರದೋರು ಹೇಳಿದ್ದೇ, ನಿಲ್ಸೋಕೆ ಯಾರಿಗೂ ಧೈರ್ಯ ಇಲ್ಲ.

ಸಾಗರದೋನು:
ಹೌದು ತಮ್ಮಾ. ಅಕ್ಕ, ಹುಡುಗಂಗೆ ಈ ಪ್ರಶ್ನೆ ಕೇಳೋಕೆ ಹೇಳಿ: ರಾತ್ರಿ ಮಲಗೋದು ಎಲ್ಲಿ, ಬಾರ್ಜ್ ಆದ್ರೆ ಹೆಸ್ರೇನು, ಚಂಡಮಾರುತ ಬಂದ್ರೆ ಎಷ್ಟು ದಿನ ಮುಂಚೆ ದಡಕ್ಕೆ ತರ್ತಾರೆ, ಕೊಳದ ಟ್ರೈನಿಂಗ್ ನಿಜವಾಗ್ಲೂ ಕೊಡ್ತಾರಾ ಇಲ್ಲಾ ಸರ್ಟಿಫಿಕೇಟ್ ಮಾತ್ರನಾ. ನನ್ನ ಮೊದಲ ಕಂಟ್ರಾಕ್ಟರ್ ಎರಡನೇ ತರದೋನು, ಟ್ರೈನಿಂಗ್‌ಗೆ ನಾನೇ ದುಡ್ಡು ಕೊಟ್ಟು ಹೋಗಿದ್ದು. ಮತ್ತೆ ಗ್ಯಾಸ್ ಇರೋ ಕಡೆ ಕೊಳೆತ ಮೊಟ್ಟೆ ವಾಸನೆ ಬಂದು ಆಮೇಲೆ ಬರ್ಲಿಲ್ಲ ಅಂದ್ರೆ ಗ್ಯಾಸ್ ಹೋಯ್ತು ಅಂತಲ್ಲ, ಮೂಗು ಸತ್ತಿರ್ತದೆ, ಓಡ್ಬೇಕು.

ಚೊಗರು:
ಅಯ್ಯೋ, ನಾನು ತಮಾಷೆಗೆ ಹೇಳಿದ್ದು. ಬಾರ್ಜ್ ವಿಷ್ಯ ಗೊತ್ತಿರಲಿಲ್ಲ.

ತೀರ್ಥಳ್ಳಿ ಅಕ್ಕ:
ಎಲ್ರಿಗೂ ಥ್ಯಾಂಕ್ಸ್. ತಮ್ಮ ಫೋನ್ ಮಾಡಿ ಮಲಗೋದು ಎಲ್ಲಿ ಅಂತ ಕೇಳಿದ್ದಕ್ಕೆ "ಬಂದ್ಮೇಲೆ ಹೇಳ್ತೀವಿ" ಅಂದ್ರಂತೆ. ಹಡಗಿನ ಹೆಸ್ರು, ಟ್ರೈನಿಂಗ್ ಡೇಟ್ ಬರ್ದು ಕೊಡಿ, ಆಮೇಲೆ ಟ್ರೈನ್ ಟಿಕೆಟ್ ಮಾಡಿಸ್ತೀನಿ ಅಂತ ಮೇಲ್ ಹಾಕಿದಾನೆ, ನಾಲ್ಕು ದಿನ ಆಯ್ತು ಉತ್ರ ಇಲ್ಲ. ಅಮ್ಮಂಗೆ ಬಾರ್ಜ್ ಬಗ್ಗೆ ಹೇಳಿಲ್ಲ. ಕೊಳದಲ್ಲಿ ತಲೆಕೆಳಗು ಮಾಡೋ ಕಥೆ ಮಾತ್ರ ಹೇಳ್ದೆ, ಅದಕ್ಕೇ ನಕ್ಕು ಇವತ್ತು ಎರಡು ಕಡುಬು ತಿಂದ್ಳು.